ಒಂದು ಮನೆಗೆ ಎರಡು ಮಾಡು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಉಡುಪಿ ಜಿಲ್ಲೆಯ ಹಿರಿಯಡ್ಕದಿಂದ ಮಣಿಪಾಲಕ್ಕೆ ಬರುವ ದಾರಿ. ಬಸ್ಸಿನ ಕಿಟಕಿಯಿಂದ ತೆಗೆದದ್ದು, ಆದ್ದರಿಂದ ಸ್ವಲ್ಪ ಅಲುಗಾಡುತ್ತದೆ. ನಮ್ಮ ಕಡೆಯ ಬಸ್ಸುಗಳ ವೇಗ ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ರಸ್ತೆಯನ್ನು ಬಿಡಿ, ಮನೆಗಳನ್ನು ಗಮನಿಸಿ. ಕೆಳಗೆ ಕಾಂಕ್ರೀಟಿನ ತಾರಸಿ. ಅದರ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ನೀಲಿ, ಕೆಂಪು ಅಥವಾ ಹಸಿರು ಶೀಟು. ಪರ್ಕಳದವರೆಗೆ ಎಣಿಸುತ್ತಾ ಬನ್ನಿ, ಶೀಟಿಲ್ಲದ ತಾರಸಿ ಸಿಗುವುದೇ ಕಷ್ಟ.

ಈ ಶೀಟು ಮನೆ ಕಟ್ಟುವಾಗಿನ ಎಸ್ಟಿಮೇಟಿನಲ್ಲಿ ಇರುವುದಿಲ್ಲ. ಗೃಹಪ್ರವೇಶ ಮುಗಿದು ಒಂದೆರಡು ಮಳೆಗಾಲ ಕಳೆದ ಮೇಲೆ ಬರುತ್ತದೆ. ಮೊದಲು ಗೋಡೆಯ ಮೂಲೆಯಲ್ಲಿ ಪಸೆ, ಆಮೇಲೆ ಫ್ಯಾನಿನ ಕೊಕ್ಕೆಯ ಸುತ್ತ ಹಳದಿ ಕಲೆ, ಆಮೇಲೆ ವಾಟರ್‌ಪ್ರೂಫಿಂಗ್ ಎಂದು ಒಂದಿಷ್ಟು ಖರ್ಚು, ಕೊನೆಗೆ ಶೀಟು. ಬಟ್ಟೆ ಒಣಗಿಸಲು, ಅಡಿಕೆ ಹರಡಲು ಅನುಕೂಲವಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಸಪಾಟಾದ ಮಾಡನ್ನು, ಅಂದರೆ ಛಾವಣಿಯನ್ನು, ಕಟ್ಟಿ, ಅದನ್ನು ಕಾಪಾಡಲು ಇಳಿಜಾರಿನ ಇನ್ನೊಂದು ಮಾಡನ್ನು ಕಟ್ಟುತ್ತೇವೆ. ಹೀಗೆ ಎರಡು ಮಾಡಿಗೆ ದುಡ್ಡು ಕೊಟ್ಟವರೇ ನನಗೆ ಹೇಳುತ್ತಾರೆ: "ಪರಿಸರಸ್ನೇಹಿ ಮನೆಯಾ? ಅದೆಲ್ಲ ದುಡ್ಡಿದ್ದವರ ಶೋಕಿ."

ಈ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿರುವುದಕ್ಕೆ ಕಾರಣವಿದೆ. ಹಿರಿಯಡ್ಕದಲ್ಲಿ ನಮ್ಮದೊಂದು ತುಂಡು ಜಾಗವಿದೆ. ಅಲ್ಲಿ ಸಾವಿರ ಚದರಡಿಯೊಳಗಿನ ಮನೆ ಕಟ್ಟಬೇಕೆಂಬ ಮಾತು ಮನೆಯಲ್ಲಿ ನಡೆಯುತ್ತಿದೆ. ಅಪ್ಪನಿಗೆ ತಾರಸಿ ಬೇಕು. ನನಗೆ ಬೇಡ. ಅಮ್ಮನಿಗೆ ಅಡುಗೆಮನೆಗೆ ಗಾಳಿ ಬಂದರೆ ಸಾಕು, ಮೇಲೆ ಏನಿದ್ದರೂ ಸರಿ. ಹಾಗಾಗಿ ಈ ವಿಡಿಯೊ ಅರ್ಧ ನಿಮಗಾಗಿ, ಇನ್ನರ್ಧ ಅಪ್ಪನಿಗಾಗಿ.

ಶೋಕಿ ಎಂಬ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಮಂಗಳೂರಿನಲ್ಲಿ ಹಸಿರು ಮನೆ ಎಂಬ ಹೆಸರಿನಲ್ಲಿ ಮಾರಾಟವಾಗುವುದನ್ನು ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಈಜುಕೊಳದ ಪಕ್ಕದಲ್ಲಿ ಎರಡು ಬಿದಿರಿನ ಮೆಳೆ, ಅದಕ್ಕೊಂದು ಪ್ರಮಾಣಪತ್ರ. ಇನ್ನು ಇತ್ತೀಚಿನ ಫ್ಯಾಷನ್ ಎಂದರೆ, ಕಾಂಕ್ರೀಟಿನ ಇಳಿಜಾರು ತಾರಸಿ ಹಾಕಿ ಅದರ ಮೇಲೆ ಹಂಚನ್ನು ಸಿಮೆಂಟಿನಿಂದ ಅಂಟಿಸುವುದು. ಖರ್ಚು ಎರಡರದ್ದೂ, ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಹೋಗುವ ಗುಣ ಮಾತ್ರ ಇಲ್ಲ. ಹಂಚು ಅಲ್ಲಿ ಮಾಡಲ್ಲ, ಯಕ್ಷಗಾನದ ಚೌಕಿಯಲ್ಲಿ ಕಟ್ಟಿದ ವೇಷ.

ಆದರೆ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಪರಿಸರಸ್ನೇಹಿ ಮನೆಯ ಸಾಮಗ್ರಿ ಹೊರಗಿನಿಂದ ಬರಬೇಕಾದದ್ದಲ್ಲ. ಕಾಲಡಿಯಲ್ಲೇ ಇದೆ. ಈ ದೃಶ್ಯದಲ್ಲಿ ಕಾಣುತ್ತಿರುವುದು ಕೆಂಪು ಕಲ್ಲಿನ ಕೋರೆ. ಮುರಕಲ್ಲು ಎಂದರೂ ಇದೇ. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಸುಡುವ ಕೆಲಸವಿಲ್ಲ, ಹೆಚ್ಚು ದೂರದ ಸಾಗಣೆ ಇಲ್ಲ. ಸಿಮೆಂಟಿನ ಕತೆ ಬೇರೆ. ಸುಣ್ಣದ ಕಲ್ಲನ್ನು 1,400 ಡಿಗ್ರಿಗೂ ಮೀರಿ ಕಾಯಿಸಬೇಕು. ಆಗ ಉರುವಲಿನಿಂದಲೂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕಲ್ಲಿನೊಳಗಿಂದಲೂ ಬರುತ್ತದೆ. ಜಗತ್ತು ಹೊರಹಾಕುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನದೇ. ಕೆಂಪು ಕಲ್ಲಿನ ಗೋಡೆಯಲ್ಲಿ ಸಿಮೆಂಟು ಪೂರ್ತಿ ತಪ್ಪುವುದಿಲ್ಲ. ಕಲ್ಲನ್ನು ಚೆನ್ನಾಗಿ ಕೆತ್ತಿಸಿ, ಸಂದನ್ನು ಮಾತ್ರ ತುಂಬಿಸಿ, ಹೊರಗಿನ ಗಾರೆಯನ್ನು ಬಿಟ್ಟರೆ ಗಾರೆಯ ಖರ್ಚೂ ಉಳಿಯುತ್ತದೆ, ಮುಂದೆ ಬಣ್ಣ ಬಳಿಯುವ ಖರ್ಚೂ ಉಳಿಯುತ್ತದೆ.

ಹಾಗೆಂದು ಕೆಂಪು ಕಲ್ಲು ಸುಲಭವಾಗಿ ಸಿಗುತ್ತದೆ ಎಂದಲ್ಲ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಕ್ರಮ ಗಣಿಗಾರಿಕೆಯ ಮೇಲೆ ಬಿಗಿ ಮಾಡಿದಾಗ ಕಲ್ಲೂ ಇಲ್ಲ, ಮರಳೂ ಇಲ್ಲ ಎಂಬಂತಾಯಿತು. ಕಟ್ಟಡ ಕಾರ್ಮಿಕರು ಕೆಲಸವಿಲ್ಲದೆ ಕುಳಿತರು, ಪ್ರತಿಭಟನೆಗಳು ನಡೆದವು. ಕಲ್ಲು ತೆಗೆದು ಹಾಗೆಯೇ ಬಿಟ್ಟುಹೋದ ಹೊಂಡಗಳಲ್ಲಿ ಮಳೆನೀರು ನಿಂತು ಮಕ್ಕಳು ಮುಳುಗಿದ ಸುದ್ದಿಯನ್ನೂ ನಾವು ಓದಿದ್ದೇವೆ. ಹೊಂಡ ಮುಚ್ಚಿಸುವ ಖರ್ಚನ್ನು ಕಲ್ಲಿನ ದರದಲ್ಲಿ ಸೇರಿಸಿದರೆ ಕಲ್ಲು ಇಂದಿಗಿಂತ ತುಟ್ಟಿಯಾಗುತ್ತದೆ. ಆಗಲಿ ಎಂಬುದು ನನ್ನ ಅಭಿಪ್ರಾಯ. ಕಲ್ಲನ್ನು ಕಡಿಮೆ ಬಳಸುವ ದಾರಿಯೂ ಇದೆ. ಕಲ್ಲಿನ ಪುಡಿ, ಕೆಂಪು ಮಣ್ಣು ಮತ್ತು ಸ್ವಲ್ಪ ಸಿಮೆಂಟನ್ನು ಯಂತ್ರದಲ್ಲಿ ಒತ್ತಿ ಮಾಡುವ ಇಂಟರ್‌ಲಾಕ್ ಇಟ್ಟಿಗೆ ಈಗ ಪುತ್ತೂರು, ಸುಳ್ಯದ ಕಡೆ ಬೇಕಾದಷ್ಟು ಬಳಕೆಯಲ್ಲಿದೆ. ಒಂದರೊಳಗೊಂದು ಕೂರುವುದರಿಂದ ನಡುವೆ ಗಾರೆ ಬೇಡ, ಸುಡುವುದೂ ಬೇಡ.

ಈಗ ಹಂಚಿಗೆ ಬರೋಣ, ಏಕೆಂದರೆ ಅಪ್ಪನ ಜೊತೆಗಿನ ಜಗಳವೆಲ್ಲ ಅದರದ್ದೇ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಂಡೆಯ ಜೇಡಿಮಣ್ಣು, ಕಾಡಿನ ಸೌದೆ, ಬಂದರಿಗೆ ಸಾಗಿಸಲು ದೋಣಿ. ಮೂರೂ ಕೈಗೆಟುಕುವಷ್ಟು ಹತ್ತಿರವಿದ್ದವು. ಅಲ್ಲಿಯವರೆಗೆ ಇಲ್ಲಿನ ಬಹುಪಾಲು ಮನೆಗಳಿಗೆ ಮುಳಿಹುಲ್ಲಿನ ಮಾಡು, ಇಲ್ಲವೇ ತೆಂಗಿನ ಮಡಲಿನ ಮಾಡು. ನಾವು ಇವತ್ತು ಪರಂಪರೆ ಎನ್ನುವ ಹಂಚು ಒಂದು ಕಾಲದಲ್ಲಿ ಕಾರ್ಖಾನೆಯ ಹೊಸ ಸರಕು, ಸಿಲೋನು, ಬರ್ಮಾ, ಪೂರ್ವ ಆಫ್ರಿಕಾದವರೆಗೂ ಹೋದ ಸರಕು. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ಹೊಸ ಹಂಚು ಪೂರ್ತಿ ಹಸಿರು ಎಂದೂ ಹೇಳಲಾರೆ. ಗದ್ದೆಯ ಮಣ್ಣು ತೆಗೆಯಬೇಕು, ಸೌದೆ ಉರಿಸಬೇಕು. ಹಳೆಯ ಹಂಚಿಗೆ ಆ ಋಣವಿಲ್ಲ. ಯಾರೋ ಹಳೆಯ ಮನೆ ಕೆಡವಿದಾಗ ಸಿಗುವ ಹಂಚು, ಮಾಡನ್ನು ಹೊರುವ ಮರದ ಪಕ್ಕಾಸು, ಹಲಸಿನ ಬಾಗಿಲು ಇವುಗಳಿಗೆ ನಮ್ಮ ಕಡೆ ಒಂದು ವ್ಯಾಪಾರವೇ ಇದೆ. ಬೆಂಗಳೂರಿನ ರೆಸಾರ್ಟಿನವರು ಬಾಗಿಲುಗಳ ದರವನ್ನು ಏರಿಸಿಟ್ಟಿದ್ದಾರೆ, ಹಂಚಿನ ಮೇಲೆ ಅವರ ಕಣ್ಣು ಇನ್ನೂ ಅಷ್ಟಾಗಿ ಬಿದ್ದಿಲ್ಲ.

ಹಾಗಾದರೆ ಹಂಚಿನ ಮಾಡು ಅಗ್ಗವೇ? ಇದನ್ನು ಕೇಳಲು ನಾನು ಒಬ್ಬ ಮೇಸ್ತ್ರಿಯ ಬಳಿ ಹೋಗಿದ್ದೆ. ಕ್ಯಾಮರಾಕ್ಕೆ ಮುಖ ಕೊಡಲು ಅವರಿಗೆ ಇಷ್ಟವಿಲ್ಲ, ಅದಕ್ಕೆ ಅವರ ಕೈ ಮಾತ್ರ ಕಾಣುತ್ತಿದೆ. ತುಳುವಿನಲ್ಲಿ ಮಾತನಾಡಿದರು, ಸಾರವನ್ನು ಕನ್ನಡದಲ್ಲಿ ಹೇಳುತ್ತೇನೆ.

"ಅಕ್ಕ, ಮಾಡು ಮಾಡಿಕೊಡುವುದು ದೊಡ್ಡ ವಿಷಯ ಅಲ್ಲ. ಮಳೆಗಾಲದ ಮುಂಚಿನ ಪತ್ತನಾಜೆಗೆ ಮೊದಲು ಪ್ರತಿ ವರ್ಷ ಮೇಲೆ ಹತ್ತುವವರು ಯಾರು? ಒಡೆದ ಹಂಚು ಬದಲಾಯಿಸಬೇಕು, ಕಸ ಗುಡಿಸಬೇಕು, ಹಂಚಿನ ಕೆಳಗಿನ ಮರದ ರೀಪು ಕುಂಬಾಗಿದೆಯೇ ಎಂದು ನೋಡಬೇಕು. ನನ್ನ ಮಗ ಹತ್ತುವುದಿಲ್ಲ. ನಿಮ್ಮ ತಮ್ಮ ಹತ್ತುತ್ತಾನಾ?"

ನನ್ನ ತಮ್ಮ ದುಬೈಯಲ್ಲಿದ್ದಾನೆ.

ಅವರು ಇನ್ನೊಂದು ಮಾತನ್ನೂ ಸೇರಿಸಿದರು: ಮಂಗಗಳು. ಹಂಚಿನ ಮೇಲೆ ಒಂದು ಗುಂಪು ಓಡಿದರೆ ಆ ವರ್ಷದ ದುರಸ್ತಿಯ ಲೆಕ್ಕ ತಲೆಕೆಳಗು. ತೋಟದ ನಡುವಿನ ಮನೆಯವರನ್ನು ಕೇಳಿ, ಅವರು ತಾರಸಿಗೆ ಹೋದದ್ದು ಪರಿಸರದ ಮೇಲಿನ ಸಿಟ್ಟಿನಿಂದಲ್ಲ, ಮಂಗಗಳ ಕಾಟದಿಂದ.

ಆದ್ದರಿಂದ ಹಂಚಿನ ಮನೆಯನ್ನು ತುಟ್ಟಿ ಮಾಡಿದ್ದು ಹಂಚಲ್ಲ, ಪ್ರತಿ ವರ್ಷ ಬೇಕಾಗುವ ಕೈಗಳು. ಒಂದು ಕಾಲದಲ್ಲಿ ಮನೆಯವರೇ ಹತ್ತುತ್ತಿದ್ದರು, ಆ ಕೂಲಿಯನ್ನು ಯಾರೂ ಲೆಕ್ಕ ಬರೆಯುತ್ತಿರಲಿಲ್ಲ. ಈಗ ಅದಕ್ಕೆ ಜನ ಹುಡುಕಬೇಕು, ದಿನಗೂಲಿ ಕೊಡಬೇಕು. ತಾರಸಿಯಲ್ಲಿ ಹಾಗಿಲ್ಲ, ದುಡ್ಡೆಲ್ಲ ಒಮ್ಮೆಗೇ ಹೋಗುತ್ತದೆ, ಅದಕ್ಕೆ ಸಾಲವೂ ಸಿಗುತ್ತದೆ. ಮುಂದೆ ಬರುವ ಶೀಟಿನ ಖರ್ಚು ಆ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನ್ನೂ ಗೃಹಪ್ರವೇಶದ ದಿನಕ್ಕೆ ಹೋಲಿಸಿದರೆ ಒಂದು ಉತ್ತರ, ಹತ್ತನೆಯ ಮಳೆಗಾಲಕ್ಕೆ ಹೋಲಿಸಿದರೆ ಬೇರೆ ಉತ್ತರ. ಅಪ್ಪನಿಗೆ ನಾನು ಕೇಳಿದ್ದು ಇಷ್ಟೇ: ಶೀಟಿನ ಖರ್ಚನ್ನು ಈಗಲೇ ತಾರಸಿಯ ಕೆಳಗೆ ಬರೆಯಿರಿ, ಆಮೇಲೆ ಮಾತನಾಡೋಣ.

ನಡುದಾರಿ ಒಂದಿದೆ. ಕೇರಳದಲ್ಲಿ ನೆಲೆಸಿ ಬಡವರಿಗೂ ಕೈಗೆಟುಕುವ ಮನೆಗಳನ್ನು ಕಟ್ಟಿದ ವಾಸ್ತುಶಿಲ್ಪಿ ಲಾರಿ ಬೇಕರ್ ಬಹಳ ಬಳಸಿದ ವಿಧಾನ, ಫಿಲ್ಲರ್ ಸ್ಲ್ಯಾಬ್. ತಾರಸಿಯ ಮೇಲ್ಭಾಗದ ಕಾಂಕ್ರೀಟು ಒತ್ತಡವನ್ನು ತಾಳುತ್ತದೆ. ಕೆಳಭಾಗದಲ್ಲಿ ಎಳೆತವನ್ನು ತಾಳುವುದು ಕಬ್ಬಿಣದ ಸರಳುಗಳು. ಸರಳುಗಳ ನಡುವೆ ಇರುವ ಕೆಳಗಿನ ಕಾಂಕ್ರೀಟು ಭಾರವಾಗಿ ಕುಳಿತಿರುತ್ತದೆ, ಹೆಚ್ಚಿನ ಕೆಲಸವೇನನ್ನೂ ಮಾಡುವುದಿಲ್ಲ. ಆ ಜಾಗದಲ್ಲಿ ಹಳೆಯ ಮಂಗಳೂರು ಹಂಚುಗಳನ್ನು ಜೋಡಿಸಿದರೆ ಕಾಂಕ್ರೀಟು ಉಳಿಯುತ್ತದೆ, ತಾರಸಿ ಹಗುರವಾಗುತ್ತದೆ, ಹಂಚಿನೊಳಗಿನ ಗಾಳಿಯಿಂದ ಬಿಸಿಯೂ ಕಡಿಮೆ ಇಳಿಯುತ್ತದೆ. ನಮ್ಮ ಊರಿನ ಹೆಸರು ಹೊತ್ತ ಹಂಚನ್ನು ಕೇರಳದವರು ಇಷ್ಟು ಜಾಣತನದಿಂದ ಬಳಸಿದ್ದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಮೇಸ್ತ್ರಿಗೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ಎಂಜಿನಿಯರ್ ಸಹಿ ಹಾಕಿದರೆ ನಾನು ಹಾಕಿಕೊಡುತ್ತೇನೆ" ಎಂದರು. ನ್ಯಾಯವಾದ ಮಾತು.

ಸೋಲಾರ್ ಬಗ್ಗೆ ಹಲವರು ಕೇಳಿದ್ದೀರಿ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಆರಂಭವಾಯಿತು. ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಓದಲು ಬಹಳ ಚೆನ್ನಾಗಿದೆ. ಆದರೆ ನಮ್ಮ ಮನೆಯ ವಿದ್ಯುತ್ ಬಿಲ್ಲು ಈಗ ಸೊನ್ನೆ. 2023ರಿಂದ ರಾಜ್ಯದ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, ತಿಂಗಳಿಗೆ 200 ಯೂನಿಟ್ ಮೀರದಂತೆ ಉಚಿತ. ಸೊನ್ನೆಯಿಂದ ಇನ್ನೇನನ್ನು ಉಳಿಸುವುದು? ಮಿತಿಯೊಳಗೆ ಬದುಕುವ ಸಣ್ಣ ಕುಟುಂಬ ಸೋಲಾರ್ ಹಾಕಿದರೆ ಹೂಡಿದ ಹಣ ಹಿಂದೆ ಬರುವುದು ಬಹಳ ಕಷ್ಟ. ಮಹಡಿಗೊಂದು ಎಸಿ ಇಟ್ಟು ತಿಂಗಳಿಗೆ 400 ಯೂನಿಟ್ ಉರಿಸುವವರಿಗೆ ಹೆಚ್ಚು ಲಾಭ, ಸಹಾಯಧನದ ಪ್ರಯೋಜನವೂ ಹೆಚ್ಚಾಗಿ ಅವರಿಗೇ. ಗೃಹಜ್ಯೋತಿಯನ್ನು ನಾನು ದೂರುತ್ತಿಲ್ಲ. ಅಮ್ಮ ಆ ದುಡ್ಡಿನಲ್ಲಿ ಚೀಟಿ ಕಟ್ಟುತ್ತಿದ್ದಾರೆ. ಎರಡು ಸರ್ಕಾರಗಳ ಎರಡು ಒಳ್ಳೆಯ ಯೋಜನೆಗಳು ಸಣ್ಣ ಮನೆಯ ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತವೆ ಎಂದಷ್ಟೇ ಹೇಳುತ್ತಿದ್ದೇನೆ. ಇನ್ನು ಬಿಸಿನೀರಿಗೆ ನಮ್ಮಲ್ಲಿ ಹಂಡೆ ಇದೆ, ಮಡಲು ಇದೆ, ತೆಂಗಿನ ಸಿಪ್ಪೆ ಇದೆ. ಹೊಗೆ ಇಲ್ಲವೆಂದಲ್ಲ, ಒಲೆಗೆ ಸರಿಯಾದ ಹೊಗೆಕೊಳವೆ ಇಡಿಸಬೇಕು.

ಅತ್ಯಂತ ಅಗ್ಗದ ಕೆಲಸ ಇದು, ನೋಡಿ. ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ದೋಣಿ, ಅಲ್ಲಿಂದ ಪೈಪು, ಜಲ್ಲಿ, ಮರಳು ಮತ್ತು ಇದ್ದಿಲು ತುಂಬಿದ ಡ್ರಮ್ಮು, ಅಲ್ಲಿಂದ ಬಾವಿ. ಸಾವಿರ ಚದರಡಿಯ ಮಾಡಿನ ಮೇಲೆ ನಮ್ಮ ಕಡೆ ವರ್ಷಕ್ಕೆ ಸುಮಾರು ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. 6,000 ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ ಐವತ್ತಕ್ಕೂ ಹೆಚ್ಚು. 2019ರ ಬೇಸಿಗೆಯಲ್ಲಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟು ಬತ್ತಿತ್ತು, ಮಂಗಳೂರಿನಲ್ಲಿ ತುಂಬೆ ಅಣೆಕಟ್ಟಿನ ನೀರನ್ನು ಸರದಿಯಲ್ಲಿ ಬಿಟ್ಟಿದ್ದರು. ಆಗ ಟ್ಯಾಂಕರಿಗೆ ಕೊಟ್ಟ ದುಡ್ಡು ನೆನಪಿರುವವರಿಗೆ ಈ ಡ್ರಮ್ಮಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದು ಮಾತ್ರ ಜಾಗವನ್ನು ಅವಲಂಬಿಸಿದೆ. ಗುಡ್ಡದ ಮೇಲಿನ ಬಾವಿಗೆ ಇಳಿಸಿದ ನೀರು ಕೆಳಗಿನ ಮನೆಯವರ ಬಾವಿಗೆ ಹೋಗಿರಬಹುದು. ಹೋಗಲಿ, ಅವರೂ ಕುಡಿಯುವವರೇ.

ಇಷ್ಟೆಲ್ಲ ಮಾತು ಸ್ವಂತ ಜಾಗ ಇರುವವರದ್ದು. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಸಿಗುವುದು 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಅಂದರೆ ಸುಮಾರು 270 ಚದರಡಿ. ನಮ್ಮ ಕಡೆ ಈಗ ಕಟ್ಟುವ ಖರ್ಚು ಚದರಡಿಗೆ ಎರಡು ಸಾವಿರದ ಆಸುಪಾಸಿನಲ್ಲಿದೆ. ಐದು ಲಕ್ಷಕ್ಕೂ ಮೇಲಿನ ಕೆಲಸಕ್ಕೆ ಒಂದೂಕಾಲು ಲಕ್ಷವೂ ಪೂರ್ತಿ ಇಲ್ಲ. ಉಳಿದದ್ದನ್ನು ಕೈಸಾಲದಿಂದ ತುಂಬಿಸುವವರಿಗೆ ಹತ್ತನೆಯ ಮಳೆಗಾಲದ ಲೆಕ್ಕ ಹೇಳಲು ನನಗೆ ಬಾಯಿಲ್ಲ. ಸಿಮೆಂಟ್ ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕುಳಿತು ನೋಡಿದವರಿಗೆ ಆ ಸೆಕೆ ಗೊತ್ತು. ಅಂಥ ಮನೆಗೆ ಫಿಲ್ಲರ್ ಸ್ಲ್ಯಾಬೋ ಇಂಟರ್‌ಲಾಕ್ ಇಟ್ಟಿಗೆಯೋ ಬರಬೇಕಾದರೆ ಪಂಚಾಯಿತಿಯ ಎಂಜಿನಿಯರ್ ಅದನ್ನು ಒಂದು ಸಿದ್ಧ ನಕ್ಷೆಯಾಗಿ ಕೈಗೆ ಕೊಡಬೇಕು. ಬಡವರು ಓದಿ, ಹುಡುಕಿ, ವಾದಿಸಿ ಪಡೆಯಬೇಕಾದ ತಂತ್ರಜ್ಞಾನ ಬಡವರಿಗೆ ತಲುಪುವುದಿಲ್ಲ.

ಬ್ಯಾಂಕಿನ ವಿಷಯ. ನಾನು ವಿಚಾರಿಸಿದ ಕಡೆ, ಹಂಚಿನ ಮಾಡು ಎಂದ ಕೂಡಲೇ ಮನೆಯ ಆಯುಸ್ಸನ್ನು ಕಡಿಮೆ ಬರೆಯುತ್ತೇವೆ, ಸಾಲದ ಅವಧಿಯೂ ಕಡಿಮೆಯಾಗುತ್ತದೆ ಎಂದರು. ನೂರು ವರ್ಷ ದಾಟಿದ ಗುತ್ತಿನ ಮನೆಗಳ, ಅಂದರೆ ಹಳೆಯ ದೊಡ್ಡ ಮನೆತನಗಳ ಮನೆಗಳ, ಜಿಲ್ಲೆಯಲ್ಲಿ ಈ ಮಾತು. ಇದೇ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂದು ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಸಂಗ್ರಹಿಸಿತ್ತು. ಜನರ ಗಳಿಕೆ ಬರುವ ರೀತಿಗೆ ತಕ್ಕಂತೆ ಬ್ಯಾಂಕು ಬಗ್ಗಿತ್ತು. ಹಾಗೆಯೇ ಮಾಡಿನ ದುರಸ್ತಿಗೆ, ಬಾವಿಯ ಮರುಪೂರಣಕ್ಕೆ ಸಣ್ಣ ಮೊತ್ತದ, ಸಣ್ಣ ಕಂತಿನ ಸಾಲ ಇದ್ದರೆ ಹಂಚು ತೆಗೆದು ತಾರಸಿ ಹಾಕಿಸುವವರಲ್ಲಿ ಕೆಲವರಾದರೂ ನಿಲ್ಲುತ್ತಿದ್ದರು.

ನಮ್ಮ ಮನೆಯ ಸದ್ಯದ ತೀರ್ಮಾನ ಹೀಗಿದೆ. ಗೋಡೆ ಕೆಂಪು ಕಲ್ಲಿನದು, ಹೊರಗಡೆ ಗಾರೆ ಇಲ್ಲ. ಬಚ್ಚಲು ಮತ್ತು ಒಂದು ಕೋಣೆಗೆ ಫಿಲ್ಲರ್ ಸ್ಲ್ಯಾಬ್, ನೀರಿನ ಟ್ಯಾಂಕು ಅದರ ಮೇಲೆ. ಉಳಿದ ಭಾಗಕ್ಕೆ ಹಂಚು, ಆದರೆ ಮರದ ಪಕ್ಕಾಸಿನ ಬದಲು ಕಬ್ಬಿಣದ ಪೈಪು. ಒರಲೆ (ಗೆದ್ದಲು) ಹಿಡಿಯುವುದಿಲ್ಲ, ವರ್ಷದ ಕೆಲಸ ಸ್ವಲ್ಪ ಇಳಿಯುತ್ತದೆ. ಉಪ್ಪುಗಾಳಿ ಹಿರಿಯಡ್ಕದವರೆಗೆ ಅಷ್ಟಾಗಿ ಬಾರದ ಕಾರಣ ತುಕ್ಕಿನ ಭಯವೂ ಕಡಿಮೆ. ಕಡಲತೀರದ ಮಲ್ಪೆಯಲ್ಲಾದರೆ ಎರಡು ಬಾರಿ ಯೋಚಿಸುತ್ತಿದ್ದೆ. ಸೋಲಾರ್ ಈಗ ಬೇಡ. ಬಾವಿಯ ಡ್ರಮ್ಮು ಮನೆಗಿಂತ ಮೊದಲು. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ಶೀಟಿನ ದರವನ್ನು ಅವರೇ ಫೋನಿನಲ್ಲಿ ವಿಚಾರಿಸುತ್ತಿದ್ದಾರೆ ಎಂಬುದಷ್ಟೇ ಪ್ರಗತಿ.

ನನಗೆ ಎರಡು ಸಾವಿರದಷ್ಟು ಹಳೆಯ ಹಂಚು ಬೇಕು. ಕಾರ್ಕಳ, ಮೂಡುಬಿದಿರೆ ಅಥವಾ ಕುಂದಾಪುರದ ಕಡೆ ಯಾರಾದರೂ ಮನೆ ಕೆಡವುತ್ತಿದ್ದರೆ ತಿಳಿಸಿ. ಯಾವ ಕಾರ್ಖಾನೆಯ ಮುದ್ರೆ ಇದ್ದರೂ ಆಗುತ್ತದೆ, ಎಲ್ಲವೂ ಒಂದೇ ಅಚ್ಚಿನವಾಗಿದ್ದರೆ ಸಾಕು. ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಕೂರುವುದಿಲ್ಲ. ದರ ಹೇಳುವಾಗ ಲಾರಿ ಬಾಡಿಗೆಯನ್ನೂ ಸೇರಿಸಿಯೇ ಹೇಳಿ.