ಮನವಿ ಕೊಟ್ಟ ಮೇಲಿನ ಕೆಲಸ: ಒಳರಸ್ತೆಗಳ ಸುರಕ್ಷತೆಯಲ್ಲಿ ನಿವಾಸಿಗಳ ಪಾಲು

ಸಭೆಯ ಹಿರಿಯರೇ, ಬಡಾವಣೆಯ ಬಂಧುಗಳೇ, ಪಾಲಿಕೆಯಿಂದಲೂ ಸಂಚಾರ ಠಾಣೆಯಿಂದಲೂ ಬಿಡುವು ಮಾಡಿಕೊಂಡು ಬಂದಿರುವ ಅಧಿಕಾರಿಗಳೇ,

ನಮ್ಮ ಮಂಗಳೂರಿನ ಪತ್ರಿಕೆಗಳಲ್ಲಿ ಆಗಾಗ ಕಾಣುವ ಚಿತ್ರವೊಂದಿದೆ. ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿರುತ್ತಾರೆ, ನಡುವೆ ನಿಂತವರು ಅಧಿಕಾರಿಯೊಬ್ಬರ ಕೈಗೆ ಕಾಗದವೊಂದನ್ನು ಕೊಡುತ್ತಿರುತ್ತಾರೆ, ಕೊಡುವವರೂ ಪಡೆಯುವವರೂ ಕಾಗದವನ್ನು ಬಿಟ್ಟು ಕೆಮರಾವನ್ನು ನೋಡುತ್ತಿರುತ್ತಾರೆ. ಅಂಥ ಚಿತ್ರದಲ್ಲಿ ನಾನೂ ಎರಡು ಬಾರಿ ನಿಂತವನಾದುದರಿಂದ ಲೇವಡಿ ಮಾಡುವ ಅಧಿಕಾರ ನನಗಿಲ್ಲ. ನಮ್ಮ ಕಾಗದದಲ್ಲಿ ಇದ್ದದ್ದು ಇಷ್ಟೇ: ವಾಹನಗಳು ಅತಿವೇಗದಲ್ಲಿ ಬರುತ್ತವೆ, ಮಕ್ಕಳಿಗೂ ವೃದ್ಧರಿಗೂ ತೊಂದರೆಯಾಗುತ್ತಿದೆ, ತಕ್ಷಣ ಹಂಪ್ ಹಾಕಿಸಿಕೊಡಬೇಕು. ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಬಗೆಯ ವಾಹನದಿಂದ ಎಂಬ ಯಾವುದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. 60 ವಾರ್ಡುಗಳ ಈ ನಗರದಲ್ಲಿ ಯಾವ ಎಂಜಿನಿಯರರೂ ಬೆಳಗ್ಗೆ ಎಂಟೂವರೆಗೆ ಪ್ರತಿಯೊಂದು ತಿರುವಿನಲ್ಲಿ ನಿಂತು ನೋಡಲಾರರು. ಆ ಹೊತ್ತಿಗೆ ಅಲ್ಲಿ ಇರುವವರು ನಾವೇ. ನೋಡಿದ್ದನ್ನು ನಾವು ಬರೆದಿಡದಿದ್ದರೆ ಪಾಲಿಕೆಗೆ ಅದು ತಿಳಿಯುವ ಬೇರೆ ದಾರಿ ಇಲ್ಲ ಎಂಬುದನ್ನೇ ನಾನು ಇಂದು ಹೇಳಬೇಕೆಂದಿದ್ದೇನೆ.

ಅದಕ್ಕೂ ಮೊದಲು ರಸ್ತೆ ಯಾರದ್ದೆಂದು ತಿಳಿದಿರಬೇಕು. ನಂತೂರು, ಕೆಪಿಟಿ, ಕೊಟ್ಟಾರ ಚೌಕಿ ಜಂಕ್ಷನ್‌ಗಳು ರಾಷ್ಟ್ರೀಯ ಹೆದ್ದಾರಿ 66ರ ಮೇಲಿವೆ; ಅಲ್ಲಿ ದಾಟಲು ದಾರಿಯಿಲ್ಲವೆಂದು ಪಾಲಿಕೆಗೆ ಬರೆದರೆ ಆ ಕಾಗದ ಹೆದ್ದಾರಿ ಪ್ರಾಧಿಕಾರದ ಕಡೆಗೆ ಹೋಗುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ. ಉಡುಪಿಯಲ್ಲಿ ಅಂಬಲಪಾಡಿಯೂ ಕಲ್ಸಂಕವೂ ಹೀಗೆಯೇ ರಾಷ್ಟ್ರೀಯ ಹೆದ್ದಾರಿಗಳ ಮೇಲಿರುವ ಜಾಗಗಳು, ನಗರಸಭೆಯ ಕೈ ಅಲ್ಲಿ ಮೋಟು. ಕೆಲವು ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಒಳರಸ್ತೆ ಪಾಲಿಕೆಯದ್ದೇ ಆದರೂ ಅದರ ಬದಿಯ ವಿದ್ಯುತ್ ಕಂಬ ವಿದ್ಯುತ್ ಕಂಪನಿಯಾದ ಮೆಸ್ಕಾಂನದ್ದು, ಕಂಬದ ಮೇಲಿನ ಬೀದಿದೀಪ ಪಾಲಿಕೆಯದ್ದು. ಬಸ್ ನಿಲ್ದಾಣದ ಜಾಗ ಬದಲಿಸಬೇಕಾದರೆ ಸಂಚಾರ ಪೊಲೀಸರ ಅಭಿಪ್ರಾಯ ಬೇಕು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ವಿಷಯ ಹೋಗಬೇಕು.

ಈಗ ನಮ್ಮದೇ ರಸ್ತೆಯ ಕಥೆ. ಗುಡ್ಡೆಯ ಮೇಲಿನಿಂದ ಇಳಿಯುವ ರಸ್ತೆ ಅದು. ಎರಡೂ ಬದಿಗೆ ಕೆಂಪುಕಲ್ಲಿನ ಕಂಪೌಂಡು, ನಡುವೆ ಕಣ್ಣಿಗೆ ಏನೂ ಕಾಣಿಸದಂಥ ಒಂದು ತಿರುವು, ಕೆಳಗೆ ಸಿಟಿ ಬಸ್ಸುಗಳು ಓಡಾಡುವ ಮುಖ್ಯರಸ್ತೆ. ಎರಡನೆಯ ಮನವಿಯ ನಂತರ ತಿರುವಿನ ಬುಡದಲ್ಲಿಯೇ ಒಂದು ಹಂಪ್ ಬಂತು, ಡಾಮರನ್ನು ರಾಶಿ ಹಾಕಿ ತಟ್ಟಿದಂತಿತ್ತು. ಮಳೆ ಹಿಡಿದ ವಾರದಲ್ಲಿಯೇ ಸ್ಕೂಟರಿನ ಹಿಂದೆ ಕುಳಿತಿದ್ದ ಹೆಂಗಸೊಬ್ಬರು ಅಲ್ಲಿ ಬಿದ್ದು ಕೈ ಮುರಿದುಕೊಂಡರು. ಹಾಕಿಸಿದ ನಾವೇ ಅದನ್ನು ತೆಗೆಸಲು ಇನ್ನೊಂದು ಮನವಿ ಕೊಡಬೇಕಾಯಿತು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟಬಹುದಾದ ಹಂಪ್ 3.7 ಮೀಟರು ಅಗಲವೂ 10 ಸೆಂಟಿಮೀಟರು ಎತ್ತರವೂ ಇರಬೇಕು, ಮುಂಚಿತವಾಗಿ ಎಚ್ಚರಿಕೆಯ ಫಲಕವೂ ಬೇಕು. ಇದನ್ನು ನಾವು ತಿಳಿದುಕೊಂಡದ್ದು ಕೈ ಮುರಿದ ಮೇಲೆ.

ಆಗ ನಮ್ಮಲ್ಲೊಬ್ಬರು, ನಿವೃತ್ತ ಬ್ಯಾಂಕ್ ನೌಕರರು, ಒಂದು ರಿಜಿಸ್ಟರು ಇಡೋಣ ಎಂದರು. ಬ್ಯಾಂಕುಗಳು ಹುಟ್ಟಿದ ಈ ಜಿಲ್ಲೆಗಳಲ್ಲಿ ಲೆಕ್ಕ ಬರೆಯಬಲ್ಲ ನಿವೃತ್ತರಿಗೆ ಎಲ್ಲಿಯೂ ಬರವಿಲ್ಲ, ಆದರೂ ಅವರನ್ನು ನಾವು ಬಡಾವಣೆಯ ವಾರ್ಷಿಕೋತ್ಸವದ ಜಮಾಖರ್ಚಿಗೆ ಮಾತ್ರ ನೆನೆಯುತ್ತೇವೆ. ಎರಡು ವಾರಗಳ ಕಾಲ ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಇಬ್ಬಿಬ್ಬರಂತೆ ಕುರ್ಚಿ ಹಾಕಿಕೊಂಡು ಕುಳಿತೆವು. ಅಪಘಾತವಷ್ಟೇ ಅಲ್ಲ, ಸ್ವಲ್ಪದರಲ್ಲಿ ತಪ್ಪಿದ ಪ್ರತಿಯೊಂದು ಪ್ರಸಂಗವನ್ನೂ ಗಂಟೆ, ಜಾಗ, ವಾಹನ, ನಡೆದದ್ದೇನು ಎಂಬುದರೊಂದಿಗೆ ಬರೆದೆವು.

ಪುಸ್ತಕ ಹೇಳಿದ್ದು ನಾವು ಅಂದುಕೊಂಡದ್ದನ್ನಲ್ಲ. ಹೆಚ್ಚಿನ ಪ್ರಸಂಗಗಳಲ್ಲಿ ವಾಹನಗಳು ನಿಧಾನವಾಗಿಯೇ ಇದ್ದವು. ತಿರುವಿನಲ್ಲಿ ನಿಲ್ಲಿಸಿದ ಕಾರುಗಳಿಂದಾಗಿ ಮಕ್ಕಳು ರಸ್ತೆಯ ನಡುವಿಗೆ ಬರಬೇಕಾಗುತ್ತಿತ್ತು. ಆ ಕಾರುಗಳು ನಮ್ಮವೇ, ನಮ್ಮ ಮನೆಗಳಿಗೆ ಬಂದ ನೆಂಟರವೇ. ಒಂದು ಕಂಪೌಂಡಿನಿಂದ ಹೊರಚಾಚಿದ ಬೋಗನ್‌ವಿಲ್ಲಾ ಗಿಡ ಕೆಳಗಿನಿಂದ ಬರುವ ವಾಹನವನ್ನು ಪೂರ್ತಿಯಾಗಿ ಮರೆಮಾಡುತ್ತಿತ್ತು. ಕೆಳಗೆ ಬಸ್ಸು ನಮ್ಮ ರಸ್ತೆಯ ಬಾಯಿಗೆ ಅಡ್ಡವಾಗಿಯೇ ನಿಲ್ಲುತ್ತಿತ್ತು, ಅದರ ಮುಂದಿನಿಂದ ದಾಟುವವರು ಹಿಂದಿನಿಂದ ಮುನ್ನುಗ್ಗುವ ಇನ್ನೊಂದು ಬಸ್ಸಿಗೆ ಕಾಣುತ್ತಲೇ ಇರಲಿಲ್ಲ. ಇಲ್ಲಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರವು, ಅವುಗಳಿಗೆ ನಿಮಿಷ ನಿಮಿಷದ ‘ಟೈಮ್’ ಇದೆ. ಹಿಂದಿನ ಬಸ್ಸಿನ ಟೈಮ್ ಆಗುವ ಮೊದಲು ಜನ ಹತ್ತಿಸಿಕೊಳ್ಳುವ ತರಾತುರಿಯನ್ನು ಬರೀ ಚಾಲಕರ ದುರ್ಗುಣವೆಂದು ಬೈದರೆ ಏನೂ ಬದಲಾಗುವುದಿಲ್ಲ.

ಗಿಡ ಕತ್ತರಿಸಲು ಅರ್ಧ ದಿನ ಸಾಕಾಯಿತು. ಬಸ್ ನಿಲ್ಲುವ ಜಾಗಕ್ಕಾಗಿ ರಿಜಿಸ್ಟರಿನ ಪ್ರತಿಯನ್ನು ವಾರ್ಡಿನ ಎಂಜಿನಿಯರರಿಗೂ ಸಂಚಾರ ಠಾಣೆಗೂ ಕೊಟ್ಟೆವು. ಠಾಣೆಯಿಂದ ಬಂದವರು ಒಂದು ಬೆಳಗ್ಗೆ ನಮ್ಮ ಕುರ್ಚಿಯಲ್ಲಿಯೇ ಕುಳಿತು ನೋಡಿ ಹೋದರು, ಕೆಲವು ತಿಂಗಳುಗಳಲ್ಲಿ ನಿಲ್ದಾಣ ಸ್ವಲ್ಪ ಮುಂದಕ್ಕೆ ಸರಿಯಿತು. ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಕಾರುಗಳನ್ನು ತಿರುವಿನಿಂದ ತೆಗೆಸುವುದು. ಅದಕ್ಕಾಗಿ ಎರಡು ಮನೆಯವರ ನಡುವೆ ಮಾತು ನಿಂತುಹೋಗಿತ್ತು, ಮದುವೆಯ ಕಾಗದ ಕೊಡುವ ಸಂದರ್ಭ ಬಂದ ಮೇಲಷ್ಟೇ ಸರಿಯಾಯಿತು. ಪಾಲಿಕೆಯನ್ನು ಪ್ರಶ್ನಿಸುವಷ್ಟು ಸುಲಭವಾಗಿ ನೆರೆಮನೆಯವರನ್ನು ಪ್ರಶ್ನಿಸಲಾಗುವುದಿಲ್ಲ.

ಕಾಲುದಾರಿಯ ಬಗ್ಗೆ ಎರಡು ಮಾತು. ನಮ್ಮ ಊರಿನಲ್ಲಿ ಫುಟ್‌ಪಾತ್ ಎಂದರೆ ಹೆಚ್ಚಿನ ಕಡೆ ಚರಂಡಿಯ ಮೇಲಿನ ಕಾಂಕ್ರೀಟ್ ಚಪ್ಪಡಿ. ಒಂದು ಚಪ್ಪಡಿ ಮುರಿದಿದ್ದರೂ ಮಳೆಯ ನೀರು ತುಂಬಿ ಹರಿಯುವಾಗ ಆ ಹೊಂಡ ಕಾಣುವುದಿಲ್ಲ. ಮಾನದಂಡದ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರು ಅಗಲದ ತೆರವು ಜಾಗ ಬೇಕು. ಟೇಪು ಹಿಡಿದು ಅಳೆದರೆ ಕಂಬವೂ ಟ್ರಾನ್ಸ್‌ಫಾರ್ಮರೂ ಅಂಗಡಿಯ ಫಲಕವೂ ಎಷ್ಟೆಷ್ಟು ನುಂಗಿವೆ ಎಂಬುದು ಅಂಕೆಯಲ್ಲಿ ಸಿಗುತ್ತದೆ. ಪಾದಚಾರಿಗಳಿಗೆ ಅಡೆತಡೆಯಿಲ್ಲದ ಕಾಲುದಾರಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಸೇರಿದೆಯೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ರಸ್ತೆಯ ದೋಷದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮು ಅವಕಾಶ ಕೊಡುತ್ತದೆ. ಆದರೆ ಅದು ಜೀವ ಹೋದ ಮೇಲಿನ ಮಾತು, ನಮಗೆ ಬೇಕಾದದ್ದು ಅದಕ್ಕೆ ಮೊದಲಿನದು.

ಮೊದಲಿನದನ್ನು ಕೇಳಲು ಇರುವ ಜಾಗ ವಾರ್ಡ್ ಸಮಿತಿ. 1992ರ 74ನೇ ಸಂವಿಧಾನ ತಿದ್ದುಪಡಿ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇಂಥ ಸಮಿತಿಗಳನ್ನು ಕಡ್ಡಾಯಗೊಳಿಸಿತು. ನಮ್ಮ ರಾಜ್ಯದ ಕಾಯ್ದೆಯ ಪ್ರಕಾರ ಅದರಲ್ಲಿ ಕಾರ್ಪೊರೇಟರ ಜತೆಗೆ 10 ಮಂದಿ ನಾಮಕರಣಗೊಂಡ ಸದಸ್ಯರಿರಬೇಕು, ಅವರಲ್ಲಿ ಕನಿಷ್ಠ 3 ಮಂದಿ ಮಹಿಳೆಯರಾಗಿರಬೇಕು, ಇಬ್ಬರು ನಿವಾಸಿ ಸಂಘಗಳ ಪ್ರತಿನಿಧಿಗಳಾಗಿರಬೇಕು. ಉಡುಪಿ ನಗರಸಭೆ ಆ ಜನಸಂಖ್ಯೆಯ ಮಿತಿಗೆ ಬಾರದ ಕಾರಣ ಅಲ್ಲಿಯವರು ನೇರವಾಗಿ ತಮ್ಮ ಸದಸ್ಯರನ್ನೂ ಪೌರಾಯುಕ್ತರನ್ನೂ ಕಾಣಬೇಕಾಗುತ್ತದೆ. ಸಮಿತಿಯ ಸಭೆಯಲ್ಲಿ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಬೇಕೆಂದು ಒತ್ತಾಯಿಸುವುದು ನಿವಾಸಿಗಳ ಪ್ರತಿನಿಧಿಯ ಕೆಲಸ. ದಾಖಲಾಗದ ಮಾತಿಗೆ ಮುಂದಿನ ತಿಂಗಳು ಯಾರೂ ಉತ್ತರ ಕೊಡಬೇಕಾಗಿಲ್ಲ.

ಕೊನೆಯದಾಗಿ ಕಾಲದ ಲೆಕ್ಕ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಡಾಮರು ಹಾಕಲಾಗುವುದಿಲ್ಲ, ಬಿಳಿ ಪಟ್ಟಿ ಬಳಿದರೂ ನಿಲ್ಲುವುದಿಲ್ಲ. ಎಪ್ರಿಲಿನಿಂದ ಆರಂಭವಾಗುವ ವರ್ಷದ ಆಯವ್ಯಯಕ್ಕೆ ಪಾಲಿಕೆಯಲ್ಲಿ ತಯಾರಿ ನಡೆಯುವುದು ಅದಕ್ಕೂ ಕೆಲವು ತಿಂಗಳು ಮೊದಲು. ಆದುದರಿಂದ ಮಳೆಗಾಲದ ನಾಲ್ಕು ತಿಂಗಳು ಬರೆಯುವ ತಿಂಗಳುಗಳು. ನೀರು ಎಲ್ಲಿ ರಸ್ತೆಗೆ ಹತ್ತುತ್ತದೆ, ಕಾಂಕ್ರೀಟಿನ ಅಂಚಿನಿಂದ ದ್ವಿಚಕ್ರದವರು ಎಲ್ಲಿ ಜಾರುತ್ತಾರೆ, ಯಾವ ದೀಪ ಎಷ್ಟು ದಿನದಿಂದ ಉರಿಯುತ್ತಿಲ್ಲ ಎಂಬುದೆಲ್ಲ ಆಗಲೇ ಪುಸ್ತಕಕ್ಕೆ ಬರಬೇಕು. ನವರಾತ್ರಿ ಮುಗಿಯುವ ಹೊತ್ತಿಗೆ ಅದರ ಒಂದು ಪ್ರತಿ ಎಂಜಿನಿಯರರ ಮೇಜಿನ ಮೇಲಿದ್ದರೆ ಅಂದಾಜುಪಟ್ಟಿ ಮಾಡಲು ಅವರಿಗೆ ಸಮಯ ಸಿಗುತ್ತದೆ, ನಮಗೆ ಜನವರಿಯಲ್ಲಿ ಅದರ ಬಗ್ಗೆ ಕೇಳಲು ಒಂದು ದಿನಾಂಕ ಸಿಗುತ್ತದೆ.