ಎಡಗೋಲು, ಬಲಗೋಲು: ರಗ್ಬಿಯ ಪ್ರಾಪ್

ಕೇಳುಗರಿಗೆ ನಮಸ್ಕಾರ. ಧಾರವಾಡ ಸೀಮೆಯ ರೈತರಿಗೆ ಇದು ಹೊಸ ಮಾತಲ್ಲ: ಎಡಗೋಲಿಗೆ ಪಳಗಿದ ಎತ್ತನ್ನು ಏಕಾಏಕಿ ಬಲಗೋಲಿಗೆ ಹೂಡಿದರೆ ಸಾಲು ಸೊಟ್ಟ ಬೀಳುತ್ತದೆ. ರಗ್ಬಿ ಯೂನಿಯನ್ ಆಟದ ಪ್ರಾಪ್‌ಗಳ ಪಾಡೂ ಹೆಚ್ಚುಕಡಿಮೆ ಇದೇ.

ತಂಡಕ್ಕೆ 15 ಮಂದಿ. ಸ್ಕ್ರಮ್ ಕಟ್ಟುವಾಗ 8 ಮಂದಿ ತೆಕ್ಕೆ ಹಾಕಿಕೊಂಡು ಎದುರಿನ ಎಂಟು ಜನರನ್ನು ತಳ್ಳುತ್ತಾರೆ. ಮುಂದಿನ ಸಾಲಿನ ನಡುವೆ ಚೆಂಡನ್ನು ಕಾಲಿನಿಂದ ಹಿಂದಕ್ಕೆಳೆಯುವ ಹೂಕರ್, ಅವನ ಎಡಕ್ಕೆ 1ನೇ ನಂಬರಿನ ಲೂಸ್‌ಹೆಡ್, ಬಲಕ್ಕೆ 3ನೇ ನಂಬರಿನ ಟೈಟ್‌ಹೆಡ್; ಅಕ್ಕಪಕ್ಕದ ಈ ಇಬ್ಬರೇ ಪ್ರಾಪ್‌ಗಳು. ಲೂಸ್‌ಹೆಡ್‌ನ ತಲೆಯ ಎಡಬದಿ ಬಯಲು. ಟೈಟ್‌ಹೆಡ್‌ನ ತಲೆ ಮಾತ್ರ ಎದುರಾಳಿಗಳಿಬ್ಬರ ನಡುವೆ ಸಿಕ್ಕಿರುತ್ತದೆ, ಎರಡೂ ಹೆಗಲ ಮೇಲೆ ಭಾರ. ಅದಕ್ಕೇ ಒಳ್ಳೆಯ ಮೂರನೇ ನಂಬರು ಸಿಗುವುದು ಕಷ್ಟ.

ರೆಫ್ರಿ 'ಕ್ರೌಚ್' ಎಂದರೆ ಸೊಂಟದಿಂದ ಬಾಗಬೇಕು. ಹೆಗಲು ಸೊಂಟಕ್ಕಿಂತ ಕೆಳಗಿಳಿಯಬಾರದು. 'ಬೈಂಡ್' ಎಂದಾಗ ಲೂಸ್‌ಹೆಡ್‌ನ ಎಡಗೈ ಎದುರಾಳಿಯ ಬಲಗೈಯ ಒಳಗಿಂದ, ಟೈಟ್‌ಹೆಡ್‌ನ ಬಲಗೈ ಎದುರಾಳಿಯ ಎಡಗೈಯ ಹೊರಗಿಂದ ಹೋಗಿ ಬೆನ್ನಿನ ಇಲ್ಲವೇ ಪಕ್ಕೆಯ ಅಂಗಿ ಹಿಡಿಯುತ್ತದೆ. ತೋಳು, ಕಾಲರು, ಎದೆ ಹಿಡಿಯುವಂತಿಲ್ಲ. 'ಸೆಟ್' ಎಂದ ಮೇಲೆಯೇ ಹೆಗಲಿಗೆ ಹೆಗಲು ಕೂಡುವುದು.

ಗರಡಿಯ ಹುಡುಗರು ಎಡವುವುದು ಇಲ್ಲೇ. ಬೈಠಕ್ ಹೊಡೆದ ತೊಡೆಗೆ ಬಲವೇನೋ ಇರುತ್ತದೆ. ಆದರೆ ಕೈಗೆ ಅಂಟಿದ ರೂಢಿ ಬೇರೆ: ಕುತ್ತಿಗೆಗೆ ಕೈಹಾಕು, ಕೆಳಗೆ ಎಳೆ. ಕುಸ್ತಿಯಲ್ಲಿ ಹಾಗೆ ಎಳೆದರೆ ಸಿಳ್ಳೆ ಬೀಳುತ್ತದೆ, ಇಲ್ಲಿಯೂ ಸಿಳ್ಳೆ ಬೀಳುತ್ತದೆ, ಆದರೆ ರೆಫ್ರಿಯದು! ಪೆನಾಲ್ಟಿ, ಎದುರಾಳಿ ಗೋಲಿಗೆ ಒದ್ದರೆ 3 ಅಂಕ. ಬೇಕಂತಲೇ ಎಳೆಯಬೇಕೆಂದಿಲ್ಲ. ಲೂಸ್‌ಹೆಡ್‌ನ ಎಡ ಮೊಳಕೈ ನೆಲದ ಕಡೆ ತಿರುಗಿದರೆ ಸಾಕು, ಅವನ ಹೆಗಲೂ ಇಳಿಯುತ್ತದೆ, ಸ್ಕ್ರಮ್ ಕುಸಿಯುತ್ತದೆ. ಮೊಳಕೈ ಎತ್ತರದಲ್ಲೇ ಇರಬೇಕು.

ಇನ್ನೊಂದು ತಪ್ಪು ಪಾದದ್ದು. ಪಾದ ತೀರ ಹಿಂದಿದ್ದರೆ ಕಾಲು ಪೂರ್ತಿ ಚಾಚಿಕೊಂಡು, ಮುಂದಿನ ತಳ್ಳಾಟಕ್ಕೆ ಮಂಡಿಯಲ್ಲಿ ಏನೂ ಉಳಿಯುವುದಿಲ್ಲ, ಎದೆ ನೆಲಕ್ಕೆ. ತೀರ ಮುಂದಿದ್ದರೆ ಎದುರಿನವರು ಹಿಂದಕ್ಕೆ ದಬ್ಬುತ್ತಾರೆ. ಮಂಡಿ ಲಂಬಕೋನಕ್ಕಿಂತ ಸ್ವಲ್ಪ ಹೆಚ್ಚು ತೆರೆದಿರಲಿ, ಹೆಜ್ಜೆ ಗೇಣಿಗಿಂತ ಚಿಕ್ಕದಿರಲಿ. ನಮ್ಮ ಎರೆಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಆಡುವವರು ಬೂಟಿನ ಮೊಳೆಗಳ ನಡುವಿನ ಮಣ್ಣನ್ನು ಪ್ರತಿ ಸ್ಕ್ರಮ್‌ಗೆ ಮುಂಚೆ ಕೆರೆದು ತೆಗೆಯಲೇಬೇಕು.

ಕುತ್ತಿಗೆಯ ವ್ಯಾಯಾಮ ತಪ್ಪಿಸುವಂತಿಲ್ಲ. ಜತೆಗಾರ ಅಂಗೈಯಿಂದ ತಲೆ ಒತ್ತಲಿ, ತಲೆ ಅಲುಗದಂತೆ ಹತ್ತು ಎಣಿಸುವವರೆಗೆ ತಡೆಯಿರಿ. ಹಿಂದೆ, ಮುಂದೆ, ಎರಡೂ ಪಕ್ಕಕ್ಕೆ. ಜಗ್ಗಾಟ ಬೇಡ.

ಈ ಕೆಲಸ ತಡವಾಗಿ ಪಳಗುವಂಥದ್ದು. ಇಂಗ್ಲೆಂಡಿನ ಜೇಸನ್ ಲೆನರ್ಡ್ ಮೊದಲು ಬಡಿಗತನ ಮಾಡುತ್ತಿದ್ದವರು. 1990ರಿಂದ 2004ರವರೆಗೆ ದೇಶದ ಪರ 114 ಪಂದ್ಯ ಆಡಿದರು, ಅದೂ ಎಡಗೋಲು ಬಲಗೋಲು ಎರಡರಲ್ಲೂ. 2003ರ ವಿಶ್ವಕಪ್ ಫೈನಲ್ಲಿನಲ್ಲಿ ಇಂಗ್ಲೆಂಡಿನ ಸ್ಕ್ರಮ್‌ಗೆ ಪೆನಾಲ್ಟಿ ಮೇಲೆ ಪೆನಾಲ್ಟಿ ಬೀಳುತ್ತಿದ್ದಾಗ, ಹೆಚ್ಚುವರಿ ಅವಧಿಯಲ್ಲಿ ಅವರನ್ನು ಇಳಿಸಿದರು. ಇಂಗ್ಲೆಂಡ್ 20-17ರಿಂದ ಗೆದ್ದಿತು. ದಕ್ಷಿಣ ಆಫ್ರಿಕದ ತೆಂಡಾಯ್ ಮ್ತಾವರಿರಾ ಹಿಂದಿನ ಸಾಲಿನಿಂದ ಬಂದು ಪ್ರಾಪ್ ಆದವರು. 117 ಪಂದ್ಯ ಆಡಿ, 2019ರ ವಿಶ್ವಕಪ್ ಗೆದ್ದು ಅಂತಾರಾಷ್ಟ್ರೀಯ ಆಟದಿಂದ ನಿವೃತ್ತರಾದರು.

ಇಂದಿನ ಪ್ರಾಪ್ 80 ನಿಮಿಷ ಪೂರ್ತಿ ಆಡುವುದು ಅಪರೂಪ. ದ್ವಿತೀಯಾರ್ಧದಲ್ಲಿ ಬದಲಿ ಬರುತ್ತಾನೆ. ತರಬೇತಾದ ಬದಲಿಗಳು ಮುಗಿದರೆ ರೆಫ್ರಿ ತಳ್ಳಾಟವಿಲ್ಲದ ಸ್ಕ್ರಮ್‌ಗೆ ಆದೇಶಿಸುತ್ತಾರೆ. ಟಿವಿಯಲ್ಲಿ ಏಳು ಮಂದಿಯ ಸೆವೆನ್ಸ್ ನೋಡಿ ಆಸೆಪಟ್ಟ ತರುಣರು ಇಷ್ಟು ನೆನಪಿಡಿ: ಅಲ್ಲಿ ಸ್ಕ್ರಮ್‌ಗೆ ಒಂದೊಂದು ತಂಡದಿಂದ ಮೂವರೇ, ಓಟಗಾರರಿಗೇ ಬೆಲೆ. ನಿಮ್ಮ ತೂಕ ನೂರು ಕಿಲೋ ದಾಟಿದ್ದರೆ 15 ಮಂದಿಯ ತಂಡವನ್ನೇ ಹುಡುಕಿ.