ಯಾವಾಗ ಸಿಡಿಯಿತು?

ಹಿರಿಯರೇ, ಗೆಳೆಯರೇ,

ಮಳೆ ಹಿಂದೆ ಸರಿದು ಹುಲ್ಲು ಮೊಣಕಾಲಿಗೆ ಬರುವ ಈ ದಿನಗಳಲ್ಲಿ ನಮ್ಮ ಶಿರಸಿಯ ರಿಪೇರಿಯವರಿಗೆಲ್ಲ ಒಂದೇ ದೂರು: ‘ಹುಲ್ಲು ಕತ್ತರಿಸುವ ಯಂತ್ರದ ಸೈಲೆನ್ಸರ್ ಢಂ ಎನ್ನುತ್ತದೆ, ಕಾರ್ಬುರೇಟರ್ ಬಿಚ್ಚಿ ನೋಡಿ.’ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಆ ಬಡಪಾಯಿ ಕಾರ್ಬುರೇಟರಿನ ಪರ ವಕಾಲತ್ತು ಹಾಕಲು ನಾನಿಲ್ಲಿ ನಿಂತಿದ್ದೇನೆ.

ಸಿಲಿಂಡರಿನಲ್ಲಿ ಉರಿದು ಮುಗಿಯಬೇಕಾದ ಪೆಟ್ರೋಲು ಹಾಗೆಯೇ ಹೊರಬಿದ್ದು ಕಾದ ಸೈಲೆನ್ಸರಿನಲ್ಲಿ ಹೊತ್ತಿಕೊಂಡಾಗ ಏಳುವ ಸದ್ದು ಅದು. ಒಳಗೆ ಏಕೆ ಉರಿಯಲಿಲ್ಲ ಎಂಬುದಕ್ಕೆ ಕಾರಣಗಳು ಹಲವು. ಆದ್ದರಿಂದ ಪಾನಾ ಮುಟ್ಟುವ ಮೊದಲು ನಾನು ಕೇಳುವುದಿಷ್ಟು: ಯಾವಾಗ ಸಿಡಿಯಿತು?

ಈ ಪ್ರಶ್ನೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕುಮಟೆ ಕಡೆಯ ತೆಂಗಿನ ತೋಟದವರೊಬ್ಬರು ಮೂರು ಸಲ ಕಾರ್ಬುರೇಟರ್ ತೊಳೆಸಿದ್ದರು. ಮೂರನೆಯ ಸಲ ತೊಳೆದವನು ನಾನೇ, ದುಡ್ಡನ್ನೂ ತೆಗೆದುಕೊಂಡಿದ್ದೆ. ಯಂತ್ರ ಮಾತ್ರ ಸಿಡಿಯುತ್ತಲೇ ಇತ್ತು. ಹಗ್ಗ ಎಳೆದರೆ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಮತ್ತೆ ಹೋದಾಗ ಅವರ ತಾಯಿ ಚಹಾ ಕೊಡುತ್ತ, ‘ಚಿರೆಕಲ್ಲಿಗೆ ಬ್ಲೇಡು ಬಡಿದು ನಿಂತಿತ್ತಲ್ಲ, ಆಮೇಲೆ ಶುರುವಾದದ್ದಲ್ಲವೇ?’ ಎಂದರು. ಕಾರ್ಬುರೇಟರ್ ಬಿಚ್ಚಬೇಕಾಗಿಯೇ ಇರಲಿಲ್ಲ, ಆ ತಾಯಿಯನ್ನು ಮೊದಲೇ ಕೇಳಿದ್ದರೆ!

ಎಂಜಿನ್ ಶಾಫ್ಟಿನ ತುದಿಯ ಭಾರದ ಚಕ್ರ, ಫ್ಲೈವೀಲ್, ತೆಗೆದೆ. ಅದನ್ನು ಶಾಫ್ಟಿಗೆ ಕೂಡಿಸುವ ಬೆರಳುಗುರಿನಷ್ಟು ಪುಟ್ಟ ಕೀ ಅರ್ಧ ಕತ್ತರಿಸಿಹೋಗಿತ್ತು. ಹಲವು ಎಂಜಿನ್‌ಗಳಲ್ಲಿ ಅದನ್ನು ಮೆದು ಲೋಹದಲ್ಲೇ ಮಾಡಿರುತ್ತಾರೆ. ಪೆಟ್ಟು ಬಿದ್ದರೆ ಅದು ಹೋಗಲಿ, ದೊಡ್ಡ ಭಾಗ ಉಳಿಯಲಿ ಎಂದು. ಅದರ ಜಾಗದಲ್ಲಿ ಉಕ್ಕಿನ ಚೂರು ತುರುಕುವ ಜಾಣತನ ಬೇಡ. ಕೀ ಸರಿದರೆ ಫ್ಲೈವೀಲಿನ ಅಯಸ್ಕಾಂತವೂ ಸರಿಯುತ್ತದೆ, ಪ್ಲಗ್ಗಿನ ಕಿಡಿ ಹೊತ್ತಲ್ಲದ ಹೊತ್ತಿಗೆ ಬೀಳುತ್ತದೆ. ಹೊಸ ಕೀ ಹಾಕಿದೆ, ಸದ್ದಡಗಿತು. ವಾರದೊಳಗೆ ಅವರ ಫೋನು: ‘ಮಂಗಗಳು ಮತ್ತೆ ಎಳನೀರಿಗೆ ಬರುತ್ತಿವೆ, ಅದನ್ನು ಮೊದಲಿನಂತೆ ಮಾಡಲಾಗುತ್ತದೆಯೇ?’

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ. ಯಾವಾಗ ಸಿಡಿಯಿತು? ನಿಲ್ಲಿಸುವಾಗಲೇ? ಪೂರ್ತಿ ವೇಗದಲ್ಲಿ ಆಫ್ ಮಾಡಿದರೆ ಕಿಡಿ ನಿಂತರೂ ಎಂಜಿನ್ ನಾಲ್ಕಾರು ಸುತ್ತು ಪೆಟ್ರೋಲು ಎಳೆಯುತ್ತದೆ. ವೇಗ ಇಳಿಸಿ, ಸ್ವಲ್ಪ ತಡೆದು ನಿಲ್ಲಿಸಿ. ಕಪ್ಪು ಹೊಗೆಯ ಜೊತೆಗೆ ಸಿಡಿಯಿತೇ? ಗಾಳಿ ತಡೆಯುವ ಚೋಕ್ ಪೂರ್ತಿ ತೆರೆದಿಲ್ಲ, ಇಲ್ಲವೇ ಗಾಳಿಯ ಫಿಲ್ಟರ್ ಕಟ್ಟಿದೆ. ಕುಲುಕಿದಾಗ ಮಾತ್ರವೇ? ಸ್ವಿಚ್ಚಿನ ತಂತಿ ಎಲ್ಲೋ ಸವೆದು ಲೋಹಕ್ಕೆ ತಾಗುತ್ತಿದೆ, ಕಿಡಿ ತಪ್ಪುತ್ತಿದೆ. ಪ್ಲಗ್ಗಿನಲ್ಲಿ ಕಿಡಿ ಹಾರುವ ಸಂದನ್ನೂ ನೋಡಿ, ಅದು ಹೆಚ್ಚಿನ ಸಣ್ಣ ಎಂಜಿನ್‌ಗಳಲ್ಲಿ 0.7ರಿಂದ 0.8 ಮಿಲಿಮೀಟರ್. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರದಿದ್ದರೂ ಸಿಡಿಯುತ್ತದೆ. ಅದರ ಸಂದಿನ ಅಳತೆಯನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಅದಕ್ಕೇ ಒಂದು ಗಂಟೆ ಬೇಕಿತ್ತು, ಇರಲಿ.

ಹೊರಗೆ ಯಂತ್ರ ತಂದಿಟ್ಟಿರುವವರು ಚಹಾ ಆದ ಮೇಲೆ ಅಂಗಳಕ್ಕೆ ಬನ್ನಿ. ಬ್ಲೇಡಿನ ಹತ್ತಿರ ಕೈ ಹಾಕುವ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡಿ. ಸಾಧ್ಯವಾದರೆ, ಆ ಯಂತ್ರ ಓಡುವಾಗ ಪಕ್ಕದಲ್ಲಿದ್ದವರನ್ನೂ ಕರೆತನ್ನಿ.